ಕಂಬಳಿಯೊಳಗಿನ ನೀಲಿ

ಬೆಳಗಿನ ಐದೂವರೆ. ಬೆಳಗಾವಿಯ ಹಳೆ ಪಿ.ಬಿ. ರಸ್ತೆಯಿಂದ ಒಳಕ್ಕೆ ತಿರುಗುವ ಗ್ಯಾರೇಜುಗಳ ಓಣಿಯಲ್ಲಿ ಮಂಜು ಇನ್ನೂ ಮಲಗಿಯೇ ಇದೆ. ಬಾನೆಟ್ ತೆರೆದು ನಿಂತ ಹಳೆಯ ಅಂಬಾಸಿಡರ್ ಕಾರಿನ ಎಂಜಿನ್ನಿಗೆ ಯಾರೋ ಕುರುಬರ ಕರಿಕಂಬಳಿ ಹೊದಿಸಿದ್ದಾರೆ. ಕಂಬಳಿಯ ಕೆಳಗಿನಿಂದ ಎರಡು ಜೊತೆ ಕಾಲುಗಳು ಹೊರಗೆ ಕಾಣುತ್ತವೆ. ಒಂದು ಜೊತೆಗೆ ಗ್ರೀಸ್ ಮೆತ್ತಿದ ರಬ್ಬರ್ ಚಪ್ಪಲಿ, ಇನ್ನೊಂದಕ್ಕೆ ಬೆಳ್ಳಿಯ ಕಾಲುಂಗುರ.

"ಹೂಂ, ಸೆಲ್ಫ್ ಹೊಡೀರಿ," ಕಂಬಳಿಯೊಳಗಿನಿಂದ ಗಂಡುದನಿ ಬರುತ್ತದೆ. ಕಾರಿನ ಮಾಲೀಕ ಚೇತನ ಒಳಗೆ ಕೂತು ಚಾವಿ ತಿರುವುತ್ತಾರೆ. ಎಂಜಿನ್ ಗರಗರ ಎನ್ನುತ್ತದೆ. ಕಂಬಳಿಯೊಳಗೆ ಚಟ್ ಚಟ್ ಎಂದು ಸಣ್ಣ ಸದ್ದು.

"ಬಣ್ಣ ಯಾವುದು?"

"ಹಳದಿ. ತುದ್ಯಾಗ ಜರಾ ಕೆಂಪ ಐತಿ. ಹಣ್ಣಾದ ಮಾವಿನ ಸಿಪ್ಪಿ ಇರತೈತೆಲ್ಲ, ಹಂಗ," ಎನ್ನುತ್ತದೆ ಹೆಣ್ಣುದನಿ.

"ಯಾವ ಮಾವು? ಆಪೂಸೋ, ಪಾಯರಿಯೋ?"

"ಇನ್ನೂ ನಾಷ್ಟಾ ಆಗಿಲ್ಲ ನಿಮಗ. ಅದಕ್ಕ ಹಣ್ಣಿನ ಜಾತಿ ಕೇಳಾಕತ್ತೀರಿ."

ಕಂಬಳಿ ಸರಿಸಿ ಹೊರಬರುವವರು ಸಮದ ಬಾಗವಾನ, ವಯಸ್ಸು ಅರವತ್ಮೂರು. ಅವರ ಹಿಂದೆ ಸೆರಗು ಸರಿಮಾಡಿಕೊಳ್ಳುತ್ತ ಬರುವವರು ಪತ್ನಿ ಮಾಸೂಮಾ. ಚೇತನರ ಕಾರಿನ ಕಾಯಿಲ್ ದಣಿದಿದೆ, ಬದಲಿಸಬೇಕು ಎಂಬ ತೀರ್ಪು ಹೊರಬೀಳುತ್ತದೆ. ತೀರ್ಪು ಸಮದರದು. ಬಣ್ಣ ನೋಡಿದ್ದು ಮಾತ್ರ ಮಾಸೂಮಾ. ನಲವತ್ತಾರು ವರ್ಷ ಹಳೆಯ ಕಾರುಗಳ ಕಿಡಿಯ ಬಣ್ಣ ನೋಡಿಯೇ ಬದುಕಿದ ಮನುಷ್ಯ, ಈಗ ಅದೇ ಬಣ್ಣವನ್ನು ಹೆಂಡತಿಯ ಬಾಯಲ್ಲಿ ಕೇಳಿ ತಿಳಿದುಕೊಳ್ಳುತ್ತಾರೆ.

ಸಮದರ ಗ್ಯಾರೇಜಿಗೆ ಬರುವ ಕಾರುಗಳಿಗೆ ಕಂಪ್ಯೂಟರ್ ಇಲ್ಲ. ಬ್ಯಾಟರಿಯ ಹನ್ನೆರಡು ವೋಲ್ಟನ್ನು ಕಾಯಿಲ್ ಎಂಬ ಸೀಸೆಯಾಕಾರದ ಡಬ್ಬಿ ಸಾವಿರಾರು ವೋಲ್ಟ್ ಮಾಡಿ ಕಳಿಸುತ್ತದೆ. ಡಿಸ್ಟ್ರಿಬ್ಯೂಟರ್ ಅದನ್ನು ಸರದಿಯ ಮೇಲೆ ನಾಲ್ಕು ಪ್ಲಗ್ಗುಗಳಿಗೆ ಹಂಚುತ್ತದೆ. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಿದರೆ ಪೆಟ್ರೋಲ್ ಹೊತ್ತಿಕೊಂಡು ಕಾರು ಉಸಿರಾಡುತ್ತದೆ. ಅಜ್ಜಿ ಕಥೆಯ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿ ಅಡಗಿರುವಂತೆ, ಟನ್ನುಗಟ್ಟಲೆ ಕಬ್ಬಿಣದ ಜೀವ ಇಲ್ಲಿ ಅಕ್ಕಿಕಾಳಿನಷ್ಟು ಜಾಗದಲ್ಲಿ ಮಿನುಗುತ್ತಿರುತ್ತದೆ. ಕಿಡಿ ನೀಲಿಯಾಗಿದ್ದರೆ ಗಟ್ಟಿ. ಹಳದಿಯಾಗಿದ್ದರೆ ದುರ್ಬಲ. ಬಿಸಿಲಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೇ ಸಮದ ಸೂರ್ಯ ಏಳುವ ಮೊದಲೇ ಏಳುತ್ತಾರೆ, ಅದಕ್ಕೇ ಆ ಕಂಬಳಿ.

ಕಂಬಳಿ ಕೊಟ್ಟವರು ಗುರುಪುತ್ರಪ್ಪ ಮಿಸ್ತ್ರಿ. ಹಣ್ಣಿನ ವ್ಯಾಪಾರಿಯ ಮಗ ಸಮದನಿಗೆ ಹದಿನೇಳನೇ ವಯಸ್ಸಿನಲ್ಲಿ ವಿದ್ಯೆ ಕಲಿಸಿದ ಗುರು. ಈಗ ಅವರಿಲ್ಲ. ಅವರು ಬಿಟ್ಟುಹೋದ ಕಂಬಳಿಯಲ್ಲಿ ಆರು ತೂತುಗಳಿವೆ, ಆರಕ್ಕೂ ಮಾಸೂಮಾ ತೇಪೆ ಹಾಕಿದ್ದಾರೆ. ಗುರುಪುತ್ರಪ್ಪ ಒಂದು ಕಟ್ಟಳೆಯನ್ನೂ ಬಿಟ್ಟುಹೋಗಿದ್ದಾರೆ. ಗಾಡಿಯಿಂದ ಬಿಚ್ಚಿದ ಸಾಮಾನನ್ನು ಒಂದು ವರ್ಷ ಎಸೆಯುವಂತಿಲ್ಲ. ಮಾಲೀಕರ ಹೆಸರು ಬರೆದ ಬಟ್ಟೆಪಟ್ಟಿ ಕಟ್ಟಿ ಪೆಟ್ಟಿಗೆಯಲ್ಲಿ ಇಡಬೇಕು.

"ನಮ್ಮ ಮಿಸ್ತ್ರಿ ಹೇಳೋರು, ನೀ ಬಿಚ್ಚಿದ್ದ ಸಾಮಾನ ಖರೇ ಕಳ್ಳ ಹೌದೋ ಅಲ್ಲೋ ಅನ್ನೂದು ವರ್ಷ ಕಳದ ಮ್ಯಾಲ ಗೊತ್ತಾಗತೈತಿ ಅಂತ," ಎನ್ನುತ್ತಾರೆ ಸಮದ. "ಆಗ ನಗತಿದ್ದೆ. ಸುಮ್ನ ಜಾಗಾ ತಿನ್ನತಾವು ಅನಸ್ತಿತ್ತು."

ಒಂದು ಕಾಲಕ್ಕೆ ದಿನಕ್ಕೆ ಆರೇಳು ಗಾಡಿ ಓಣಿಯಲ್ಲಿ ಸಾಲು ನಿಲ್ಲುತ್ತಿದ್ದವು. ಕೊಲ್ಹಾಪುರದಿಂದ, ಗೋವೆಯಿಂದ ಬರುತ್ತಿದ್ದವು. ಈಗ ವಾರಕ್ಕೆ ಎರಡು, ಹೆಚ್ಚೆಂದರೆ ಮೂರು. ಹೊಸ ಕಾರುಗಳಿಗೆ ಬೇಕಾದ ಲ್ಯಾಪ್‌ಟಾಪ್ ಸಮದರ ಬಳಿ ಇಲ್ಲ. ವಿದ್ಯುತ್ತು ಅಳೆಯುವ ಒಂದು ಮೀಟರ್ ಇದೆ, ಅದನ್ನು ಅವರು ಗೋಡೆಯ ಮೊಳೆಗೆ ನೇತುಹಾಕಿದ್ದಾರೆ. ಮನೆಯ ಅರ್ಧ ಖರ್ಚು ಮಾಸೂಮಾರ ಹೊಲಿಗೆ ಯಂತ್ರದಿಂದ ಸಾಗುತ್ತದೆ. ಸಾಮಾನಿಗೆ ಕಟ್ಟುವ ಪಟ್ಟಿಗಳೂ ಅವರ ಹೊಲಿಗೆಯ ಚೂರುಬಟ್ಟೆಗಳೇ. ಹಾಗಾಗಿ ಸಮದರ ಪೆಟ್ಟಿಗೆ ತೆರೆದರೆ ಕರಿ ಕಬ್ಬಿಣದ ನಡುವೆ ಯಾರದೋ ಮದುವೆಯ ಜರಿ, ಯಾರದೋ ಶಾಲೆಯ ಸಮವಸ್ತ್ರ ಇಣುಕುತ್ತವೆ.

ಸಮದರ ಕಣ್ಣಿಗೆ ಪೊರೆ ಬಂದಿದೆ ಎಂಬುದು ಗೊತ್ತಾದದ್ದು ಆಸ್ಪತ್ರೆಯಲ್ಲಲ್ಲ, ಈ ಕಂಬಳಿಯೊಳಗೆ. ಹೋದ ನವೆಂಬರಿನ ಒಂದು ಬೆಳಿಗ್ಗೆ ಅವರು ಅಂಗಡಿಯಿಂದ ತಂದ ಹೊಚ್ಚಹೊಸ ಕಾಯಿಲ್ ಒಂದನ್ನು ಪರೀಕ್ಷಿಸುತ್ತಿದ್ದರು. ಕಿಡಿ ಹಳದಿ. ಇನ್ನೊಂದು ಹೊಸದು ಹಾಕಿದರು. ಅದೂ ಹಳದಿ. ಮೂರನೆಯದೂ ಹಾಗೆಯೇ. ಈಗಿನ ಸಾಮಾನೇ ಸುಳ್ಳು ಎಂದು ಗೊಣಗುತ್ತಿದ್ದಾಗ ಚಹಾ ತಂದ ಮಾಸೂಮಾ ಕಂಬಳಿಯೊಳಗೆ ಸುಮ್ಮನೆ ತಲೆ ತೂರಿಸಿದರು. ಆಮೇಲೆ ನಡೆದದ್ದನ್ನು ಇಬ್ಬರೂ ಒಂದೇ ರೀತಿ ಹೇಳುತ್ತಾರೆ.

ಎಷ್ಟು ಚಂದದ ಬಣ್ಣ, ಥೇಟ್ ನನ್ನ ಓಢಣಿಯದೇ, ಎಂದರು ಮಾಸೂಮಾ. ಯಾವ ಓಢಣಿ ಎಂದು ಸಮದ ಕೇಳಿದರು. ರಮಜಾನಿಗೆ ಖಡೇಬಜಾರದಿಂದ ನೀವೇ ತಂದದ್ದು ಎಂದರು.

"ಆ ಹಸರದಾ?" ಎಂದರು ಸಮದ.

ಚಹಾ ಆರಿತು. ಆ ಓಢಣಿ ಅಚ್ಚ ನೀಲಿ.

"ಮೂವತ್ತೆಂಟು ವರ್ಷ ಆತು ಲಗ್ನ ಆಗಿ. ನನಗ ನೀಲಿ ಸೇರತೈತಿ ಅಂತ ಒಂದ ದಿನಾನೂ ಇವರಿಗೆ ನೆನಪ ಇರಲಿಲ್ಲ," ಎನ್ನುತ್ತಾರೆ ಮಾಸೂಮಾ, ಸೂಜಿಗೆ ದಾರ ಪೋಣಿಸುತ್ತ. "ಆ ಓಢಣಿ ತಂದಾಗ, ಈಗರೆ ನೆನಪಿಟ್ಟರಲ್ಲ ಅಂತ ಭಾಳ ಖುಷಿಪಟ್ಟಿದ್ದೆ. ನೋಡಿದ್ರ ಇವರು ಹಸರಂತ ತಂದಾರ." ಹೇಳಿ ನಗುತ್ತಾರೆ. ಸಮದ ನಗುವುದಿಲ್ಲ.

ಕಣ್ಣಿನ ಪೊರೆ ಬಲಿತಾಗ ಹೀಗಾಗುವುದುಂಟು. ಜಗತ್ತಿನ ಮೇಲೆ ಹಳದಿ ಗಾಜೊಂದು ನಿಧಾನವಾಗಿ ಕೂರುತ್ತದೆ. ಎಷ್ಟು ನಿಧಾನ ಎಂದರೆ, ಕೂತದ್ದು ಕೂತವರಿಗೇ ತಿಳಿಯುವುದಿಲ್ಲ. ಮೊದಲು ಕಳೆದುಹೋಗುವ ಬಣ್ಣ ನೀಲಿ. ಬೇರೆ ಯಾರಿಗೇ ಆದರೂ ಅದು ಆಕಾಶ ಸ್ವಲ್ಪ ಮಾಸಿದ ಮಾತು. ಕಿಡಿ ಓದುವವನಿಗೆ ಹಾಗಲ್ಲ. ಗಟ್ಟಿಮುಟ್ಟಾದ ಕಾಯಿಲುಗಳೆಲ್ಲ ಅವನ ಕಣ್ಣಿಗೆ ರೋಗಿಷ್ಠವಾಗಿ ಕಾಣತೊಡಗುತ್ತವೆ.

ಅಂದು ಸಮದ ಪೆಟ್ಟಿಗೆ ತೆರೆದರು. ಒಂದು ವರ್ಷದಲ್ಲಿ ಬಿಚ್ಚಿ ಪಟ್ಟಿ ಕಟ್ಟಿಟ್ಟ ಹದಿನೇಳು ಕಾಯಿಲುಗಳಿದ್ದವು. ಮೂರು ಬೆಳಗು ಗಂಡಹೆಂಡಿರಿಬ್ಬರೂ ಕಂಬಳಿಯೊಳಗೆ ಕೂತು ಒಂದೊಂದನ್ನೇ ನೋಡಿದರು. ಮಾಸೂಮಾ ನೀಲಿ ಎಂದದ್ದು ಹನ್ನೊಂದಕ್ಕೆ. ಹನ್ನೊಂದು ಮಂದಿಯ ಒಳ್ಳೆಯ ಸಾಮಾನನ್ನು ಸಮದ ಕೆಟ್ಟದೆಂದು ಕಿತ್ತಿದ್ದರು.

"ಆ ದಿನಾ ಶಟರ್ ಎಳದಬಿಟ್ಟೆ. ನನ್ನ ಮಾತಿಗೆ ಇನ್ನೇನ ಕಿಮ್ಮತ್ತು ಅಂದೆ," ಎನ್ನುತ್ತಾರೆ ಅವರು. ಶಟರ್ ಮರುದಿನ ಎತ್ತಿದವರು ಮಾಸೂಮಾ. ದಿನವೂ ಕುಬುಸದ ಬಟ್ಟೆಗೆ ದಾರದ ಬಣ್ಣ ಹೊಂದಿಸುವ ಕಣ್ಣು ಅವರದು. ಆಕಾಶಿ ನೀಲಿಗೂ ನವಿಲುಗೊರಳಿನ ನೀಲಿಗೂ ಇರುವ ಅಂತರ ಅವರಿಗೆ ಕತ್ತಲಲ್ಲೂ ಗೊತ್ತು. "ನನಗ ಬಣ್ಣ ತಿಳೀತೈತಿ, ನಿಮಗ ಗಾಡಿ ತಿಳೀತೈತಿ. ಕೂಡಿ ಒಬ್ಬ ಮಿಸ್ತ್ರಿ ಆಗೂಣು, ಏಳ್ರಿ," ಎಂದರಂತೆ.

ಆ ನಂತರದ ಪ್ರತಿ ಶುಕ್ರವಾರ ನಮಾಜು ಮುಗಿಸಿ ಸಮದ ಒಂದು ಕಾಯಿಲ್ ಚೀಲದಲ್ಲಿ ಹಾಕಿಕೊಂಡು ಹೊರಟರು. ಮಾಲೀಕರ ಬಾಗಿಲಲ್ಲಿ ನಿಂತು, ಇದು ಚೆನ್ನಾಗಿತ್ತು, ನನ್ನ ಕಣ್ಣು ಚೆನ್ನಾಗಿರಲಿಲ್ಲ ಎಂದು ಹೇಳಿ ಕೊಟ್ಟು ಬಂದರು. ಕೆಲವರು ನಕ್ಕು ಚಹಾ ಕುಡಿಸಿದರು. ಕಾಕತಿಯ ಬಂಡೆಪ್ಪ ಎಂಬ ಟ್ಯಾಕ್ಸಿ ಮಾಲೀಕ ಕಾಯಿಲ್ ಇಸಿದುಕೊಂಡು ಬಾಗಿಲು ಹಾಕಿಕೊಂಡ. ಇನ್ನೊಬ್ಬರು ಪೇಟೆಯ ತುಂಬ ಕುರುಡ ಮಿಸ್ತ್ರಿ ಎಂದು ಹೇಳಿಕೊಂಡು ತಿರುಗಿದರು. ವಾರಕ್ಕೆ ಬರುತ್ತಿದ್ದ ಗಾಡಿಗಳಲ್ಲಿ ಒಂದು ಕಡಿಮೆಯಾಯಿತು. ಕಣ್ಣಿನ ಡಾಕ್ಟರು ಎರಡು ಸಲ ಆಪರೇಶನ್ನಿನ ದಿನ ಗೊತ್ತುಮಾಡಿದರೂ ಸಮದ ಹೋಗಲಿಲ್ಲ.

"ಕಣ್ಣ ಸುದ್ದ ಮಾಡಿಸ್ಕೊಂಡ ಮ್ಯಾಲ ಹೋದ್ರ, ಈಗ ಕಾಣತೈತಲ್ಲ, ಬಿಡು ಅಂತಾರ ಮಂದಿ. ತಪ್ಪ ಮಾಡಿದ ಕಣ್ಣ ಇನ್ನೂ ಇರೂತನಾನ ಹೋಗಿ ಹೇಳಬೇಕು," ಎಂಬುದು ಅವರ ವಾದ.

"ಅದೇನಲ್ಲ. ಸೂಜಿಗೆ ಅಂಜತಾರ," ಎಂಬುದು ಮಾಸೂಮಾರದು.

ಹತ್ತು ಕಾಯಿಲುಗಳು ಮನೆ ಸೇರಿವೆ. ಉಳಿದದ್ದು ಒಂದು. ಅದಕ್ಕೆ ಗುಲಾಬಿ ಬಣ್ಣದ ಅಚ್ಚಿನ ಬಟ್ಟೆಯ ಪಟ್ಟಿ, ಮೇಲೆ ಪೆನ್ಸಿಲಿನಲ್ಲಿ 'ಕಾಂತಾಬಾಯಿ, ಖಾನಾಪುರ'. ಬೇಕೆಂದೇ ಕೊನೆಗೆ ಉಳಿಸಿಕೊಂಡದ್ದು, ಧೈರ್ಯ ಸಾಲದೆ. ಉಳಿದ ಹತ್ತು ಜನರಿಗೆ ಆದದ್ದು ಸುಮ್ಮನೆ ಖರ್ಚು. ಕಾಂತಾಬಾಯಿ ಎರಡು ಸಲ ನಡುದಾರಿಯಲ್ಲಿ ನಿಂತಿದ್ದರು.

ಕಾಂತಾ ಚೌಗುಲೆ ಅವರಿಗೆ ಎಪ್ಪತ್ನಾಲ್ಕು. ಮೂವತ್ತು ವರ್ಷ ಖಾನಾಪುರ ತಾಲ್ಲೂಕಿನ ಹಳ್ಳಿಹಳ್ಳಿಯಲ್ಲಿ ಹೆರಿಗೆ ಮಾಡಿಸಿದ ನರ್ಸಬಾಯಿ. 1967ರ ಕೆನೆಬಣ್ಣದ ಹೆರಾಲ್ಡ್ ಕಾರನ್ನು ಇಂದಿಗೂ ತಾವೇ ಓಡಿಸುತ್ತಾರೆ, ಓಡಿಸುತ್ತಿದ್ದರು. ಪ್ರತಿ ಗುರುವಾರ ಬೀಡಿ ಎಂಬ ಊರಿಗೆ ಹೋಗಿ ಅಕ್ಕ ಬ್ರಾಹ್ಮಿಯನ್ನು ಕೂರಿಸಿಕೊಂಡು, ಕಿಟಕಿ ಇಳಿಸಿ, ಹಲಸಿಯವರೆಗೋ ಇನ್ನೆಲ್ಲಿಗೋ ಒಂದು ಸುತ್ತು ಹೋಗಿಬರುವುದು ಅವರ ರೂಢಿ. ಬ್ರಾಹ್ಮಿಗೆ ಎಂಬತ್ತು, ಮೊಣಕಾಲು ಮಡಚುವುದಿಲ್ಲ, ಬಸ್ಸಿನ ಮೆಟ್ಟಿಲು ಹತ್ತಲಾರರು. ಆ ಕಾರು ಹೋದ ವರ್ಷ ಕಾಡತೊಡಗಿತು. ಮನೆಯಂಗಳದಲ್ಲಿ ಒಳ್ಳೆಯದಾಗಿ ಚಾಲೂ ಆಗುವುದು, ರಸ್ತೆಗೆ ಬಿದ್ದು ವೇಗ ಹಿಡಿದರೆ ಮಿಸ್ಸಿಂಗ್ ಹೊಡೆದು ಬಂದ್ ಬೀಳುವುದು. ಸಮದ ಕಾಯಿಲ್ ಬದಲಿಸಿದ ಮೇಲೂ ಕಾರು ಮತ್ತೆ ನಿಂತಿತು. ಎರಡನೆಯ ಸಲ ನಂದಗಡದ ಏರಿನಲ್ಲಿ ನಿಂತ ಮೇಲೆ ಕಾಂತಾಬಾಯಿ ಕಾರಿಗೆ ತಾಡಪತ್ರಿ ಹೊದಿಸಿಬಿಟ್ಟರು. ಅದಕ್ಕೀಗ ಎಂಟು ತಿಂಗಳು.

ಶುಕ್ರವಾರಕ್ಕೆ ಕಾಯದೆ ಈ ಗುರುವಾರವೇ ಗಂಡಹೆಂಡಿರು ಖಾನಾಪುರದ ಕೆಂಪು ಬಸ್ಸು ಹತ್ತುತ್ತಾರೆ. ಸಮದರ ತೊಡೆಯ ಮೇಲೆ ಸಾಮಾನಿನ ಚೀಲ, ಮಾಸೂಮಾರ ತೊಡೆಯ ಮೇಲೆ ಮಡಚಿದ ಕಂಬಳಿ. ಇಪ್ಪತ್ತಾರು ಕಿಲೋಮೀಟರ್ ದಾರಿಯಲ್ಲಿ ಸಮದ ಆಡುವುದು ಒಂದೇ ಮಾತು. ಕಾಯಿಲ್ ಮೊದಲು ಕೊಡಬೇಕೋ, ಮಾತು ಮೊದಲು ಹೇಳಬೇಕೋ ಎಂದು ಕೇಳುತ್ತಾರೆ. ಮೊದಲು ಸಲಾಂ ಹೇಳಿರಿ ಎನ್ನುತ್ತಾರೆ ಮಾಸೂಮಾ.

ಕಾಂತಾಬಾಯಿ ಅಂಗಳದಲ್ಲಿ ಶೇಂಗಾ ಆರಿಸುತ್ತ ಕೂತಿದ್ದಾರೆ. ಸಮದ ಎರಡೂ ಕೈಯಲ್ಲಿ ಕಾಯಿಲ್ ಹಿಡಿದು ನಿಂತು, ಹತ್ತು ಬಾಗಿಲಲ್ಲಿ ಹೇಳಿದ ಮಾತನ್ನು ಹನ್ನೊಂದನೆಯ ಸಲ ಹೇಳುತ್ತಾರೆ. ಕಾಂತಾಬಾಯಿ ಕಾಯಿಲ್ ಕಡೆ ನೋಡುವುದೇ ಇಲ್ಲ. ಎದ್ದು ಬಂದು, ಹೆಬ್ಬೆರಳಿನಿಂದ ಸಮದರ ರೆಪ್ಪೆ ಎತ್ತಿ, ಬೆಳಕಿನ ಕಡೆ ಮುಖ ತಿರುಗಿಸುತ್ತಾರೆ.

"ಎರಡೂ ಕಣ್ಣಾಗ ಬಲತೈತಲ್ಲೋ. ಯಾವಾಗ ಆಪರೇಶನ್?"

ಎರಡು ಸಲ ತಪ್ಪಿಸಿದ್ದನ್ನು ಮಾಸೂಮಾ ಹೇಳಿಕೊಡುತ್ತಾರೆ. ಬರುವ ಬುಧವಾರ ಮತ್ತೆ ದಿನ ಗೊತ್ತಾಗಿದೆ, ಈ ಸಲವೂ ಹೋಗುತ್ತಾರೋ ಇಲ್ಲವೋ ಎನ್ನುತ್ತಾರೆ. ಕಾಂತಾಬಾಯಿ ಬೈಯುವುದು ಅದಕ್ಕೆ, ಕಾಯಿಲಿಗಲ್ಲ. ಬೈದು ಮುಗಿದ ಮೇಲೆ ಕುಂದರ್ರಿ ಎಂದು ಶೇಂಗಾದ ಮೊರವನ್ನು ಮುಂದಕ್ಕೆ ತಳ್ಳುತ್ತಾರೆ.

"ಹಲಸಿ ಬಾಜು ಫಕೀರವ್ವ ಅಂತ ಇದ್ಳು. ಹೊಟ್ಟಿ ಮುಟ್ಟಿ ನೋಡಿ, ಇನ್ನ ಎಂಟ ದಿನಾ ಐತಿ, ಸುಮ್ನ ಮಲ್ಕೋ ಅಂದಿದ್ದೆ. ತಾಸು ತುಂಬೂದ್ರಾಗ ಇದ ಗಾಡಿ ಹಿಂದಿನ ಸೀಟಿನ್ಯಾಗ ಹಡದ್ಲು. ಆ ಹುಡುಗ ಈಗ ಬಸ್ ಕಂಡಕ್ಟರ್ ಆಗ್ಯಾನ, ಕಂಡಾಗೊಮ್ಮೆ ನಗತಾನ. ನನ್ನ ಕೈನೂ ತಪ್ಪೈತಿ, ಸಮದಭಾಯಿ. ಆದ್ರ ಮರುದಿನಾ ಮತ್ತ ಕೈ ತೊಳಕೊಂಡು ಹೊಂಟೆ."

ಆಮೇಲೆ ತಾವೇ ಹೋಗಿ ತಾಡಪತ್ರಿ ಎಳೆಯುತ್ತಾರೆ.

ಹೆರಾಲ್ಡ್ ಕಾರಿನ ಬಾನೆಟ್ ತೆರೆಯುವ ಚಂದವೇ ಬೇರೆ. ಮುಂಭಾಗದ ಇಡೀ ಮೂತಿ ಮುಂದಕ್ಕೆ ಬಾಗಿ, ಎಂಜಿನ್ ಬಟಾಬಯಲಲ್ಲಿ ನಿಲ್ಲುತ್ತದೆ. ಕಾಂತಾಬಾಯಿ ಬ್ಯಾಟರಿಯನ್ನು ಮಾತ್ರ ವಾರಕ್ಕೊಮ್ಮೆ ಚಾರ್ಜ್ ಮಾಡಿ ಇಟ್ಟಿದ್ದಾರೆ. ಸಮದ ಒಂದು ಪ್ಲಗ್ ಬಿಚ್ಚಿ, ವೈರ್ ಸಿಕ್ಕಿಸಿ, ಎಂಜಿನ್ನಿನ ಮೈಗೆ ಒರಗಿಸುತ್ತಾರೆ. ಮಾಸೂಮಾ ಕಂಬಳಿ ಹೊದೆಯುತ್ತಾರೆ. ಕಾಂತಾಬಾಯಿ ಸೆಲ್ಫ್ ಹೊಡೆಯುತ್ತಾರೆ.

"ನೀಲಿ," ಎನ್ನುತ್ತಾರೆ ಮಾಸೂಮಾ.

ಕಿಡಿ ನೀಲಿಯಾಗಿದ್ದರೆ ದೋಷ ಕಾಯಿಲಿನಲ್ಲಿಲ್ಲ. ಇಷ್ಟು ಅಂದೇ ಗೊತ್ತಾಗಿದ್ದರೆ ಕಾಯಿಲಿಗೆ ಕೈಯನ್ನೇ ಹಚ್ಚುತ್ತಿರಲಿಲ್ಲ ಎಂದು ಸಮದ ತಮಗೆ ತಾವೇ ಹೇಳಿಕೊಳ್ಳುತ್ತಾರೆ. ನಿಂತಾಗ ಗಟ್ಟಿ, ಓಡುವಾಗ ಇಲ್ಲ. ಹಾಗಾದರೆ ಓಡುವಾಗ ಅಲುಗುವುದು ಯಾವುದು? ಅವರು ಕಣ್ಣು ಮುಚ್ಚಿಕೊಳ್ಳುತ್ತಾರೆ, ಕೆಟ್ಟ ಕಣ್ಣಿನ ಹಂಗೇ ಬೇಡವೆಂಬಂತೆ. ಬೆರಳುಗಳು ಡಿಸ್ಟ್ರಿಬ್ಯೂಟರಿನ ಸುತ್ತ ಸುಳಿದು ಒಂದು ಸಣ್ಣ ನಳಿಗೆಯ ಮೇಲೆ ನಿಲ್ಲುತ್ತವೆ. ಕಾರು ವೇಗ ಹಿಡಿದಾಗ ಎಂಜಿನ್ ಈ ನಳಿಗೆಯಿಂದ ಗಾಳಿ ಎಳೆದುಕೊಳ್ಳುತ್ತದೆ. ಆಗ ಡಿಸ್ಟ್ರಿಬ್ಯೂಟರಿನೊಳಗಿನ ತಟ್ಟೆಯೊಂದು ತುಸು ತಿರುಗುತ್ತದೆ. ನಿಂತ ಕಾರಿನಲ್ಲಿ ಅದು ತಿರುಗುವುದಿಲ್ಲ. ಸಮದ ನಳಿಗೆಯ ತುದಿ ಬಿಚ್ಚಿ, ಒರೆಸಿ, ಬಾಯಲ್ಲಿ ಇಟ್ಟುಕೊಳ್ಳುತ್ತಾರೆ. ಎಂಜಿನ್ ಎಳೆಯಬೇಕಾದ ಉಸಿರನ್ನು ತಾವೇ ಎಳೆಯುತ್ತಾರೆ.

"ನೀಲಿ," ಎನ್ನುತ್ತದೆ ಕಂಬಳಿ. "ನೀಲಿ. ಇಲ್ಲ. ಕತ್ತಲಾತು."

ಉಸಿರು ಬಿಡುತ್ತಾರೆ.

"ಬಂತು. ನೀಲಿ."

ಮತ್ತೆ ಎಳೆಯುತ್ತಾರೆ. ಇಲ್ಲ. ಬಿಡುತ್ತಾರೆ. ನೀಲಿ. ಆ ಅಂಗಳದಲ್ಲಿ ಸ್ವಲ್ಪ ಹೊತ್ತು, ಒಬ್ಬರ ಉಸಿರಿನ ಮೇಲೆ ಒಂದು ಕಿಡಿ ಆರಿ ಹೊತ್ತುತ್ತಿರುತ್ತದೆ. ಕಾಂತಾಬಾಯಿ ಚಾವಿ ಹಿಡಿದೇ ಕತ್ತು ಚಾಚಿ ನೋಡುತ್ತಾರೆ.

ಮುಚ್ಚಳ ತೆಗೆದಾಗ ಕಳ್ಳ ಸಿಗುತ್ತಾನೆ. ತಟ್ಟೆಗೆ ಹೋಗುವ ಗೇಣುದ್ದವೂ ಇಲ್ಲದ ತಂತಿ. ಮೇಲಿನ ಹೊದಿಕೆ ನೆಟ್ಟಗಿದೆ, ಒಳಗಿನ ಎಳೆಗಳು ಅರವತ್ತು ವರ್ಷ ಬಳುಕಿ ಬಳುಕಿ ತುಂಡಾಗಿವೆ. ತಟ್ಟೆ ಸುಮ್ಮನಿದ್ದಾಗ ತುಂಡುಗಳು ಒಂದನ್ನೊಂದು ಮುಟ್ಟಿಕೊಂಡಿರುತ್ತವೆ, ತಿರುಗಿದಾಗ ಕೈಬಿಡುತ್ತವೆ. ಇದಕ್ಕೆ ಬಿರುಸು ತಂತಿ ಹಾಕುವಂತಿಲ್ಲ, ಬಳುಕಬೇಕು. ಸಮದ ತಮ್ಮ ಡಬ್ಬಿಯಿಂದ ನೂರೆಳೆಯ ಮೆತ್ತನೆ ತಂತಿಯೊಂದನ್ನು ಆರಿಸಿ ಕತ್ತರಿಸುತ್ತಾರೆ. ಮಾಸೂಮಾ ಅದರ ಮೇಲೆ ದಾರ ಸುತ್ತಿಕೊಡುತ್ತಾರೆ, ಅಂಗಿಯ ಗುಂಡಿಗೆ ಸುತ್ತುವಷ್ಟು ಬಿಗಿಯಾಗಿ. ಹಳೆಯ ತಂತಿಯನ್ನು ಸಮದ ಎಸೆಯುವುದಿಲ್ಲ. ಗುಲಾಬಿ ಪಟ್ಟಿಯನ್ನು ಕಾಯಿಲಿನಿಂದ ಬಿಚ್ಚಿ ಅದಕ್ಕೆ ಕಟ್ಟಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಕಾಂತಾಬಾಯಿಯ ಆ ಹಳೆಯ ಕಾಯಿಲ್ ಅದರ ಜಾಗಕ್ಕೇ ಮರಳಿ ಕೂರುತ್ತದೆ.

ಪರೀಕ್ಷೆಗೆ ಬೀಡಿಯವರೆಗೆ ಹೋಗುವುದೆಂದು ಕಾಂತಾಬಾಯಿಯೇ ತೀರ್ಮಾನಿಸುತ್ತಾರೆ. ನಂದಗಡದ ಏರು ಬಂದಾಗ ಹಿಂದಿನ ಸೀಟಿನಲ್ಲಿ ಸಮದ ಮುಂದಕ್ಕೆ ಬಾಗಿ, ಕಿವಿಯನ್ನು ಎಂಜಿನ್ನಿಗೆ ಕೊಟ್ಟು ಕೂರುತ್ತಾರೆ. ಕಾರು ಏರು ಹತ್ತುತ್ತದೆ, ಎಲ್ಲೂ ಮಿಸ್ಸಿಂಗ್ ಇಲ್ಲ, ಇಳಿಯುತ್ತದೆ. ಬೀಡಿಯ ಮನೆಯ ಕಟ್ಟೆಯ ಮೇಲೆ ಕೂತಿದ್ದ ಬ್ರಾಹ್ಮಿಬಾಯಿ ಹಾರ್ನ್ ಕೇಳಿ ಕೇಳುವುದು ಒಂದೇ ಪ್ರಶ್ನೆ. ಗುರುವಾರ ಇಂದೇ ಏನು ಎಂದು. ಅವರನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಲು ಮೂವರ ಕೈಯೂ ಬೇಕಾಗುತ್ತದೆ. ಕೂತ ಮೇಲೆ ಅವರು ಮೊದಲು ಮಾಡುವ ಕೆಲಸ ಕಿಟಕಿಯ ಗಾಜು ಇಳಿಸುವುದು.

ಸಂಜೆ ಖಾನಾಪುರದ ಬಸ್ ನಿಲ್ದಾಣದೆದುರು ಇಳಿಸುವಾಗ ಕಾಂತಾಬಾಯಿ ಎಂಜಿನ್ ಬಂದ್ ಮಾಡದೆ ಹೇಳುತ್ತಾರೆ. "ಬುಧವಾರ ಏಳಕ್ಕ ನಿಮ್ಮ ಓಣಿಗೆ ಬರತೇನಿ. ದವಾಖಾನಿಗೆ ಇದ ಗಾಡ್ಯಾಗ ಕರಕೊಂಡ ಹೋಗಾಕಿ ನಾನ. ತಪ್ಪಿಸ್ಕೊಂಡೀರಿ ಮತ್ತ."

ನಡುದಾರಿಯಲ್ಲಿ ಎರಡು ಸಲ ಕೈಕೊಟ್ಟ ಕಾರು. ಅದನ್ನು ಸರಿಮಾಡಿದ್ದೇನೆ ಎಂದ ಸಮದರ ಮಾತನ್ನು ನಂಬಿ, ಎಪ್ಪತ್ನಾಲ್ಕರ ಹೆಂಗಸು ಒಬ್ಬರೇ ಮುಂಜಾನೆ ಅಷ್ಟು ದೂರ ಓಡಿಸಿಕೊಂಡು ಬರುತ್ತಾರಂತೆ. "ನಿಲ್ಲೂದಿಲ್ರಿ ಬಾಯಾರ, ಬರ್ರಿ," ಎನ್ನುತ್ತಾರೆ ಸಮದ.

ಮರಳುವ ಬಸ್ಸಿನಲ್ಲಿ ಚೀಲ ಹಗುರವಾಗಿದೆ. ಆಪರೇಶನ್ ಆದ ಮೇಲೆ ಮೊದಲು ಏನು ನೋಡುವ ಆಸೆ ಎಂದು ಸಮದರನ್ನು ಕೇಳಿದರೆ, ನನ್ನ ಮುಖ ಅಂತೂ ಅಲ್ಲ, ಯಾವುದಾದರೂ ಪ್ಲಗ್ ಇರಬೇಕು ಎಂದು ಮಾಸೂಮಾ ನಡುವೆಯೇ ಹೇಳಿಬಿಡುತ್ತಾರೆ.

ಸಮದ ಕಂಬಳಿಯನ್ನು ತಮ್ಮ ತೊಡೆಗೆ ಎಳೆದುಕೊಳ್ಳುತ್ತಾರೆ.

"ಆ ಓಢಣಿ ಹೊತ್ತಕೊಂಡ ಬಾ ಅಂತ ಹೇಳೇನಿ ಈಕಿಗೆ."

"ಅದ ಒಗದೊಗದು ಮಾಸೇತ್ರಿ," ಎನ್ನುತ್ತಾರೆ ಮಾಸೂಮಾ. "ಹೊಸಾದ ಹೊತ್ತಕೊಂತೇನಿ."

"ಬ್ಯಾಡ. ನಾ ನೋಡದ ತಂದ ನೀಲಿ ಅದ. ನನಗ ಅದ ಬೇಕು."